ಷರಾ

ವಾಸ್ಕೋದ ಈ ಮೂರನೇ ಮಹಡಿಯ ತಾರಸಿಯಲ್ಲಿ
ನನ್ನ ಕೆಲಸ ಗಾಳಿಯನ್ನು ತೂಗುವುದು.
ನಗಬೇಡಿ. ಸಂಬಳ ಬರುತ್ತದೆ.
ಅಂಗೈಯಗಲದ ಬಿಳಿ ಕಾಗದ. ಮೊದಲೊಮ್ಮೆ ತೂಗಿ
ಯಂತ್ರದ ಬಾಯಿಗೆ ಕೊಟ್ಟು, ಒಂದು ಹಗಲು ಒಂದು ರಾತ್ರಿ
ಅದು ಊರಿನ ಉಸಿರನ್ನೆಲ್ಲ ಎಳೆದುಕೊಂಡ ಮೇಲೆ
ಇಕ್ಕಳದಲ್ಲಿ ಎತ್ತಿ ಮತ್ತೆ ತೂಗುತ್ತೇನೆ.
ಹೆಚ್ಚಾದದ್ದೇ ಊರು.

ಬಂದರಿನ ಕಲ್ಲಿದ್ದಲು, ಹಡಗಿನ ಚಿಮಣಿ,
ಬೈನಾ ದಂಡೆಯ ಒಲೆಗಳು, ನನ್ನದೇ ಸ್ಕೂಟರು,
ಮತ್ತೆ ಉಪ್ಪು. ಸಮುದ್ರ ಯಾರನ್ನೂ ಕೇಳದೆ ಸೇರಿಸುವ ಉಪ್ಪು.

ತಾರಸಿ ಒರೆಸಲು ಬರುವವಳು ಹುಲಿಗೆಮ್ಮ,
ಯಲಬುರ್ಗಾ ಕಡೆಯವಳು.
ಕಿಟಕಿಯಂಚಿನ ಕಪ್ಪನ್ನು ಬೆರಳಿಗೆ ತೆಗೆದು ತೋರಿಸುತ್ತಾಳೆ:
"ನಿನ್ನಿ ಒರಸೇನ್ರಿ ಸರ. ನಿನ್ನಿ."
ಅವಳಿಗೆ ತಕ್ಕಡಿ ಬೇಕಿಲ್ಲ.

ಜುಲೈನಲ್ಲೊಂದು ದಿನ ಕೇಳಿದಳು:
"ಮ್ವಾಡ ಇಲ್ಲಿಂದನ ಹೋಗತಾವ. ದಿನಾ ನೋಡತೀನಿ.
ನಮ್ಮ ಊರ ಮ್ಯಾಲೆನೂ ಹಾಯತಾವಂತ, ತಂಗಿ ಹೇಳತಾಳ.
ಒಂದು ಹನಿ ಯಾಕ ಉದರವಲ್ಲವು?"

ಗೊತ್ತಿದ್ದಷ್ಟು ಹೇಳಿದೆ.
ಹನಿ ಸುಮ್ಮನೆ ಹುಟ್ಟುವುದಿಲ್ಲ, ಕೂರಲು ಒಂದು ಕಣ ಬೇಕು.
ಉಪ್ಪಿನ ಹರಳಾದರೆ ದೊಡ್ಡದು, ಗಟಗಟ ಕುಡಿದು
ಭಾರವಾಗಿ ಘಟ್ಟಕ್ಕೆ ಮೊದಲೇ ಬಿದ್ದುಬಿಡುತ್ತದೆ.
ಹೊಗೆಯ ಕಣ ಕಣ್ಣಿಗೂ ಕಾಣದಷ್ಟು ಸಣ್ಣದು, ಆದರೆ ಎಷ್ಟೊಂದು!
ಇದ್ದ ನೀರನ್ನೇ ಎಲ್ಲವೂ ಹಂಚಿಕೊಂಡು
ಬೀಳುವಷ್ಟು ದಪ್ಪ ಯಾವುದೂ ಆಗದೆ

ಮುಗಿಸಲು ಬಿಡಲಿಲ್ಲ:
"ಹಂಗನ್ರಿ. ಒಂದ ಚರಗಿ ನೀರು, ನೂರು ಬೊಗಸಿ.
ಯಾರ ಗಂಟಲಾನೂ ತೊಯ್ಯಂಗಿಲ್ಲ."

ಹದಿನಾಲ್ಕು ವರ್ಷ ನೌಕರಿ ಮಾಡಿದ್ದೇನೆ.
ಇಷ್ಟು ಚಿಕ್ಕದಾಗಿ ಯಾವ ಸಭೆಯಲ್ಲೂ ಕೇಳಿಲ್ಲ.

ಅದಷ್ಟೇ ಅಲ್ಲ, ಎಂದೆ. ಮಸಿ ಬಿಸಿಲು ಕುಡಿಯುತ್ತದೆ,
ನೆಲಕ್ಕೆ ಸೇರಬೇಕಾದ ಕಾವು ಮೇಲೆಯೇ ತಂಗುತ್ತದೆ,
ನೆಲ ಕಾಯದಿದ್ದರೆ ಕಡಲ ಗಾಳಿಗೆ ಕರೆ ಹೋಗುವುದಿಲ್ಲ.
ಮತ್ತೆ ಸಮುದ್ರದ ಬಿಸಿ, ಆಯಾ ವರ್ಷದ ಗುಣ.
ಇಂಥ ಊರಿನ ಬರಕ್ಕೆ ಇಂಥ ಹೊಗೆ ಎಂದು
ಯಾರೂ ಬೆರಳಿಟ್ಟು ತೋರಿಸಲಾರರು.
ನಾವು ಬರೆಯುವುದು 'ಇರಬಹುದು' ಅಂತ.

ಅವಳು ಬಟ್ಟೆ ಹಿಂಡಿದಳು. ಬಕೀಟಿನ ನೀರು ಕಪ್ಪಾಯಿತು.
"ನನ್ನ ಒಲಿ ಹೊಗಿನೂ ಅದರಾಗ ಐತೇನ್ರಿ?"

ತಕ್ಕಡಿಯ ಗಾಜಿನ ಬಾಗಿಲು ಮುಚ್ಚಿದೆ.
ಉಸಿರು ಬಿಟ್ಟರೂ ಅಂಕಿ ಅಲುಗುತ್ತದೆ, ಅಷ್ಟು ಸೂಕ್ಷ್ಮ ಅದು.
ಕೆಳಗೆ, ಟಾರ್ಪಾಲು ಸರಿಯಾಗಿ ಕಟ್ಟದ ವ್ಯಾಗನ್ನುಗಳು
ಒಂದರ ಹಿಂದೊಂದು ಹೊರಟಿದ್ದವು.
ಐವತ್ತೆಂಟು ಎಣಿಸಿದೆ.
ಕ್ಯಾಸಲ್‌ರಾಕ್ ಹತ್ತಿ, ಅವಳ ಜಿಲ್ಲೆಯನ್ನೇ ಹಾದು,
ಕೊಪ್ಪಳ ದಾಟಿ, ಉಕ್ಕಿನ ಕುಲುಮೆಗೆ.
ಮೋಡದ ದಾರಿಯೂ ಹೆಚ್ಚುಕಡಿಮೆ ಅದೇ.

"ಇದೆ," ಎಂದೆ. "ಒಂಚೂರು."
"ಚೂರಂದ್ರ ಎಷ್ಟು?"

ಅವಳ ಪಾಲು, ನನ್ನ ಪಾಲು, ಹಡಗಿನ ಪಾಲು
ಬೇರೆ ಬೇರೆ ಎತ್ತಿಡುವಷ್ಟು ಸಣ್ಣ ಇಕ್ಕಳ ನನ್ನಲ್ಲಿಲ್ಲ.

ಆಗಸ್ಟಿನಲ್ಲಿ ವಾಸ್ಕೋ ಮೂರು ದಿನ ತೊಯ್ದಿತು.
ತಗಡು, ಕ್ರೇನು, ಇಗರ್ಜಿಯ ಹೆಂಚು ತೊಳೆದುಕೊಂಡು ನಿಂತವು.
ಕಾಗದ ಹೋದಷ್ಟೇ ಬೆಳ್ಳಗೆ ಮರಳಿ ಬಂತು.
ಒರೆಸಲು ಏನೂ ಇಲ್ಲದ ಹುಲಿಗೆಮ್ಮ ಮೆಟ್ಟಿಲ ಬಾಯಲ್ಲಿ
ಫೋನನ್ನು ಮಳೆಗೆ ಹಿಡಿದು ನಿಂತಿದ್ದಳು.
ಆ ತುದಿಯಲ್ಲಿ ತಂಗಿ ಗಾಳೆಮ್ಮ, ಊರಿನ ನೀರಗಂಟಿ,
ಎಂಟು ದಿನಕ್ಕೊಮ್ಮೆ ಓಣಿ ಓಣಿಗೆ ವಾಲ್ವು ತಿರುಗಿಸುವವಳು.
ಸ್ಪೀಕರಿನಲ್ಲಿ ಸ್ವಲ್ಪ ಹೊತ್ತು ಏನೂ ಇಲ್ಲ.
ಆಮೇಲೆ,
"ಕೇಳೇನಿ ಬಿಡಕ್ಕ. ಇಡತೀನಿ. ನೀರು ಬಿಡೂ ಹೊತ್ತಾತು."

ದಾಖಲೆ ಪುಸ್ತಕದಲ್ಲಿ ದಿನಾಂಕ, ವೇಳೆ, ಮೊದಲ ತೂಕ, ಎರಡನೇ ತೂಕ.
ಅಂಚಿನಲ್ಲಿ ಅಗಲವಾದದ್ದೊಂದು ಕಾಲಂ: ಷರಾ.
ಯಂತ್ರ ಕೆಟ್ಟರೆ, ಕರೆಂಟು ಹೋದರೆ ಬರೆಯಲಿಕ್ಕೆ.
ಪೆನ್ನು ತೆಗೆದೆ.
ಒದ್ದೆ ಬೆರಳಿಗೆ ಹಾಳೆ ಅಂಟಿಕೊಂಡಿತು.